ಕೀಟಾಹಾರಿ ಗಿಡಗಳ ಕೈತೋಟ

ಹಸು ಹುಲ್ಲನ್ನು ಮೇಯುತ್ತದೆ. ಹುಲಿ ಹಸುವನ್ನು ತಿನ್ನುತ್ತದೆ. ಹುಲ್ಲು ಮಾತ್ರ ಯಾರನ್ನೂ ತಿನ್ನದೆ ಮಣ್ಣು, ನೀರು, ಗಾಳಿ, ಬಿಸಿಲುಗಳಿಂದಲೇ ಬದುಕುತ್ತದೆ. ಇದು ನಾವೆಲ್ಲ ಚಿಕ್ಕಂದಿನಲ್ಲಿ ಕಲಿತ ಪಾಠ. ಆದರೆ ಈ ನಿಯಮಕ್ಕೂ ಅಪವಾದಗಳುಂಟು. ನೊಣ, ಇರುವೆ, ಸೊಳ್ಳೆಗಳನ್ನು ಹಿಡಿದು ಜೀರ್ಣಿಸಿಕೊಳ್ಳುವ ಗಿಡಗಳೂ ಈ ಭೂಮಿಯ ಮೇಲಿವೆ. ಇವನ್ನು ಕೀಟಾಹಾರಿ ಸಸ್ಯಗಳೆಂದು ಕರೆಯುತ್ತಾರೆ.

ನಾನು ನಿವೃತ್ತನಾದ ವರ್ಷ ಹಳೆಯ ಶಿಷ್ಯನೊಬ್ಬನು ಇಂಥದೊಂದು ಗಿಡವನ್ನು ಪುಟ್ಟ ಕುಂಡದಲ್ಲಿ ತಂದುಕೊಟ್ಟನು. ಅದರ ಹೆಸರು ವೀನಸ್ ಫ್ಲೈಟ್ರ್ಯಾಪ್. ಅಮೆರಿಕದ ಉತ್ತರ ಮತ್ತು ದಕ್ಷಿಣ ಕ್ಯಾರೊಲಿನ ರಾಜ್ಯಗಳ ಜೌಗು ಪ್ರದೇಶ ಅದರ ತವರು. ಅದರ ಎಲೆಯ ತುದಿ ತೆರೆದಿಟ್ಟ ಪುಸ್ತಕದಂತೆ ಎರಡು ಹೋಳಾಗಿರುತ್ತದೆ. ಒಳಮೈಯಲ್ಲಿ ಕೆಲವು ಸೂಕ್ಷ್ಮ ರೋಮಗಳಿರುತ್ತವೆ. ಕೀಟವು ಸುಮಾರು 20 ಸೆಕೆಂಡುಗಳೊಳಗೆ ಎರಡು ಬಾರಿ ರೋಮಗಳನ್ನು ಮುಟ್ಟಿತೆಂದರೆ ಹೋಳುಗಳು ಥಟ್ಟನೆ ಮುಚ್ಚಿಕೊಳ್ಳುತ್ತವೆ. ಒಂದೇ ಸ್ಪರ್ಶಕ್ಕೆ ಅವು ಮುಚ್ಚುವುದಿಲ್ಲ. ಉದುರಿದ ಕಸಕ್ಕೋ ಮಳೆಹನಿಗೋ ಮೋಸಹೋಗಿ ಶಕ್ತಿಯನ್ನು ವ್ಯರ್ಥ ಮಾಡಿಕೊಳ್ಳದಿರಲು ಗಿಡವು ಕಂಡುಕೊಂಡ ಉಪಾಯವಿದು.

ಬೆರಗಾದ ನಾನು ಆ ಗಿಡಕ್ಕೆ ರಾಜೋಪಚಾರ ಮಾಡಿದೆ. ಹಟ್ಟಿಗೊಬ್ಬರ ಹಾಕಿದೆ, ಕೊಳವೆಬಾವಿಯ ನೀರನ್ನು ಎರೆದೆ. ನೆರೆಹೊರೆಯವರು ಬಂದಾಗಲೆಲ್ಲ ಮೊಮ್ಮಗಳು ಕಡ್ಡಿಯಿಂದ ಎಲೆಗಳನ್ನು ಮುಟ್ಟಿ ಮುಚ್ಚಿಸಿ ತೋರಿಸುತ್ತಿದ್ದಳು. ಆರು ವಾರಗಳಲ್ಲಿ ಎಲೆಗಳೆಲ್ಲ ಕಪ್ಪಾಗಿ ಗಿಡ ಸತ್ತಿತು. ನಲವತ್ತು ವರ್ಷ ತರಗತಿಯಲ್ಲಿ ನಿಂತು ಮಕ್ಕಳಿಗೆ ಪಾಠ ಹೇಳಿದ ನನಗೆ, ಕಲಿಯದೆ ಕೈಹಚ್ಚಿದೆನಲ್ಲಾ ಎಂಬ ನಾಚಿಕೆಯಾಯಿತು. ಅನಂತರವೇ ನಾನು ಈ ಗಿಡಗಳ ಬಗೆಗೆ ಓದತೊಡಗಿದ್ದು.

ಕೀಟಾಹಾರಿ ಗಿಡಗಳಿಗೂ ಹಸಿರೆಲೆಗಳುಂಟು. ಬಿಸಿಲಿನ ನೆರವಿನಿಂದ ಅವೂ ತಮ್ಮ ಆಹಾರವನ್ನು ತಾವೇ ತಯಾರಿಸಿಕೊಳ್ಳುತ್ತವೆ. ಆದರೆ ಅವು ಬೆಳೆಯುವ ಜೌಗಿನಲ್ಲಿ, ಕಲ್ಲುಹಾಸಿನ ಮೇಲಿನ ತೆಳುಮಣ್ಣಿನಲ್ಲಿ ಸಾರಜನಕ, ರಂಜಕಗಳು ಬಹಳ ಕಡಿಮೆ. ಆ ಕೊರತೆಯನ್ನು ಅವು ಕೀಟಗಳಿಂದ ತುಂಬಿಕೊಳ್ಳುತ್ತವೆ. ಎಂದರೆ ಕೀಟವು ಅವುಗಳಿಗೆ ಅನ್ನವಲ್ಲ, ಗೊಬ್ಬರ. ಬಡ ಮಣ್ಣಿಗೆ ಒಗ್ಗಿದ ಬೇರುಗಳು ನಾವು ಹಾಕುವ ಗೊಬ್ಬರವನ್ನೂ ಗಡಸು ನೀರಿನ ಲವಣಗಳನ್ನೂ ತಾಳಲಾರವು. ಇನ್ನು ಎಲೆಯ ಪ್ರತಿಯೊಂದು ಬಲೆಯೂ ಕೆಲವೇ ಸಲ ಮುಚ್ಚಿ ತೆರೆಯಬಲ್ಲದು. ಆಟಕ್ಕಾಗಿ ಮುಚ್ಚಿಸಿದಷ್ಟೂ ಅದರ ಆಯುಸ್ಸು ಕುಗ್ಗುತ್ತದೆ. ನಮ್ಮ ಅಕ್ಕರೆಯೇ ಆ ಗಿಡಕ್ಕೆ ಮುಳುವಾಗಿತ್ತು.

ಈ ಗಿಡಗಳನ್ನು ತಾಳ್ಮೆಯಿಂದ ಪರೀಕ್ಷಿಸಿದವರಲ್ಲಿ ಚಾರ್ಲ್ಸ್ ಡಾರ್ವಿನ್ ಪ್ರಮುಖನು. 1860ರಲ್ಲಿ ಇಂಗ್ಲೆಂಡಿನ ಬಯಲೊಂದರಲ್ಲಿ ಡ್ರಾಸೆರ ಎಂಬ ಗಿಡದ ಎಲೆಗಳಿಗೆ ಅಂಟಿದ್ದ ಕೀಟಗಳು ಅವನ ಕುತೂಹಲವನ್ನು ಕೆರಳಿಸಿದವು. ಹಾಲು, ಮಾಂಸ, ಮೊಟ್ಟೆಯ ಬಿಳಿಯ ಭಾಗಗಳನ್ನು ಎಲೆಗಳ ಮೇಲಿಟ್ಟು ಪರೀಕ್ಷಿಸಿ, ಹದಿನೈದು ವರ್ಷಗಳ ಬಳಿಕ, 1875ರಲ್ಲಿ, ಅವನು ತನ್ನ ಗ್ರಂಥವನ್ನು ಪ್ರಕಟಿಸಿದನು. ಆಹಾರ ಪಡೆದ ಗಿಡಗಳು ಪಡೆಯದವುಗಳಿಗಿಂತ ಹೆಚ್ಚು ಬೀಜ ಕಟ್ಟುತ್ತವೆಂಬುದನ್ನು ಅವನ ಮಗ ಫ್ರಾನ್ಸಿಸ್ 1878ರಲ್ಲಿ ತೋರಿಸಿಕೊಟ್ಟನು.

ಆ ಡ್ರಾಸೆರದ ಬಂಧುಗಳು ಕರ್ನಾಟಕದಲ್ಲೂ ಉಂಟು. ಅವುಗಳಲ್ಲೊಂದಾದ ಡ್ರಾಸೆರ ಬರ್ಮನಿಯನ್ನು ಬೀಜದಿಂದ ಬೆಳೆಸುವುದು ಸುಲಭ. ಅದು ನೆಲಕ್ಕಂಟಿದ ನಾಣ್ಯದಷ್ಟು ಅಗಲದ ಗಿಡ. ಎಲೆಯ ರೋಮಗಳ ತುದಿಯಲ್ಲಿ ಇಬ್ಬನಿಯಂತೆ ಹೊಳೆಯುವ ಅಂಟಿನ ಹನಿಗಳಿರುತ್ತವೆ. ಕೀಟವು ಅಂಟಿಕೊಂಡೊಡನೆ ಅಂಚಿನ ರೋಮಗಳು ಕೆಲವೇ ಸೆಕೆಂಡುಗಳಲ್ಲಿ ಒಳಕ್ಕೆ ಬಾಗಿ ಅದನ್ನು ಒತ್ತಿ ಹಿಡಿಯುತ್ತವೆ. ತಳದಲ್ಲಿ ತೂತುಳ್ಳ ಪ್ಲಾಸ್ಟಿಕ್ ಕುಂಡದಲ್ಲಿ, ಗೊಬ್ಬರ ಬೆರೆಸದ ಪೀಟ್ ಪಾಚಿ ಮತ್ತು ಚೆನ್ನಾಗಿ ತೊಳೆದ ಮರಳನ್ನು ಸಮಪ್ರಮಾಣದಲ್ಲಿ ತುಂಬಬೇಕು. ಧೂಳಿನಂತಹ ಬೀಜಗಳನ್ನು ಮೇಲೆಯೇ ಉದುರಿಸಬೇಕು, ಮುಚ್ಚಬಾರದು. ಕುಂಡವನ್ನು ನೀರು ತುಂಬಿದ ತಟ್ಟೆಯಲ್ಲಿಟ್ಟು, ಸದಾ ತೇವವಿರುವಂತೆ ನೋಡಿಕೊಳ್ಳಬೇಕು. ಆ ನೀರು ಮಳೆಯದಾಗಿರಬೇಕು, ಇಲ್ಲವೆ ಬಟ್ಟಿಯಿಳಿಸಿದ್ದಾಗಿರಬೇಕು. ಒಳ್ಳೆಯ ಬೆಳಕು ಬೇಕು. ಕೀಟಗಳನ್ನು ನಾವು ಒದಗಿಸಬೇಕಾಗಿಲ್ಲ. ಅವು ತಾವಾಗಿಯೇ ಬರುತ್ತವೆ.

ಕಾಡಿನಿಂದ ಗಿಡಗಳನ್ನು ಕಿತ್ತು ತರುವುದು ಮಾತ್ರ ಸಲ್ಲದು. ಮೇಘಾಲಯದ ಬೆಟ್ಟಗಳಲ್ಲಿ ಬೆಳೆಯುವ ಹೂಜಿಗಿಡವು ಸಂಗ್ರಹಕಾರರ ಆಸೆಯಿಂದಲೂ ಗಣಿಗಾರಿಕೆಯಿಂದಲೂ ವಿರಳವಾಗಿ, 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಗೆ ಒಳಪಟ್ಟಿದೆ. ವೀನಸ್ ಫ್ಲೈಟ್ರ್ಯಾಪಿನ ಕಳವನ್ನು 2014ರಲ್ಲಿ ಉತ್ತರ ಕ್ಯಾರೊಲಿನ ರಾಜ್ಯವು ಘೋರ ಅಪರಾಧವೆಂದು ಸಾರಬೇಕಾಯಿತು. ನಮ್ಮ ಕರಾವಳಿಯ ಮುರಕಲ್ಲಿನ ಹಾಸುಗಳ ಮೇಲೆ ಮಳೆಗಾಲದಲ್ಲಿ ನೀಲಿ ಹೂಗಳನ್ನು ಹಾಸುವ ಯುಟ್ರಿಕ್ಯುಲೇರಿಯವೂ ಕೀಟಾಹಾರಿಯೇ. ಕಲ್ಲು ತೆಗೆಯಲು ಹಾಸನ್ನು ಅಗೆದರೆ ಆ ಹೂಗಳೂ ಇಲ್ಲವಾಗುತ್ತವೆ.

ಈಗ ನನ್ನ ತಾರಸಿಯ ಮೇಲೆ ಬೀಜದಿಂದ ಬೆಳೆದ ಡ್ರಾಸೆರ ಗಿಡಗಳಿವೆ. “ತಾತಾ, ಇದಕ್ಕೆ ಏನೂ ಹಾಕುವುದು ಬೇಡವೇ?” ಎಂದು ಮೊಮ್ಮಗಳು ಒಮ್ಮೆ ಕೇಳಿದಳು. “ಮಳೆನೀರು ಸಾಕು, ಮಗು. ಇದಕ್ಕೆ ಏನು ಬೇಡವೆಂಬುದನ್ನು ತಿಳಿಯಲು ನಮಗೊಂದು ಗಿಡದ ಪ್ರಾಣವೇ ಬೇಕಾಯಿತು” ಎಂದೆ. ಅವಳು ಕೈಯಲ್ಲಿದ್ದ ಕಡ್ಡಿಯನ್ನು ಕೆಳಗಿಟ್ಟು, ಗಿಡದ ಮುಂದೆ ಕುಳಿತು ನೋಡತೊಡಗಿದಳು.