ಗುಪ್ತಚರನ ಮೋಟಾರುಗಳು

ಇರಕಲ್ಲಗಡದ ಗುಡ್ಡದ ಕೆಳಗಿರುವ ನಮ್ಮ ಮನೆಯ ಹಿತ್ತಲಲ್ಲಿ ತಗಡಿನ ಚಪ್ಪರವೊಂದುಂಟು. ಅದರ ನೆರಳಿನಲ್ಲಿ ಒಂದು ಹಳೆಯ ಅಂಬಾಸಡರ್ ಮೋಟಾರು ಆರು ವರ್ಷಗಳಿಂದ ನಿಂತಿರುವುದು. ಅದರ ನೆತ್ತಿಯ ಮೇಲೆ ಕೋಳಿಗಳು ಮಲಗುವುವು. ಹಿಂದಿನ ಆಸನದಲ್ಲಿ ಬಿತ್ತನೆಯ ಶೇಂಗಾದ ಚೀಲಗಳಿರುವುವು. ಇದನ್ನು ಗುಜರಿಯವನಿಗೆ ಕೊಟ್ಟುಬಿಡುವುದೇ ಲೇಸೆಂದು ಹಿರಿಯ ಮಗನು ಹೇಳುತ್ತಲೇ ಬಂದಿರುವನು. ಕೊಡಬಾರದೆಂದು ವಾದಿಸಲು ನನ್ನಲ್ಲಿ ತಕ್ಕ ಕಾರಣವೇನೂ ಇರಲಿಲ್ಲ. ಹೀಗಿರಲು, ಕಳೆದ ದೀಪಾವಳಿಗೆ ಬೆಂಗಳೂರಿನಿಂದ ಬಂದ ಎಂಟು ವರ್ಷದ ಮೊಮ್ಮಗನು ಒಂದು ಮಧ್ಯಾಹ್ನ ಆ ಗಾಡಿಯೊಳಗೆ ಹೊಕ್ಕು, ಗೇರಿನ ಹಿಡಿಯ ತುದಿಯನ್ನು ತಿರುಚಿ ತಿರುಚಿ ನೋಡುತ್ತಿದ್ದನು. ಏನು ಮಾಡುವಿಯೆಂದು ಕೇಳಲು, “ಅಜ್ಜಾ, ಕೆಂಪು ಗುಂಡಿ ಎಲ್ಲೈತಿ?” ಎಂದನು. ಹಿಂದಿನ ರಾತ್ರಿ ಅವನು ‘ಗೋಲ್ಡ್‌ಫಿಂಗರ್’ ಚಿತ್ರವನ್ನು ನೋಡಿದ್ದನೆಂಬುದು ಆಮೇಲೆ ತಿಳಿಯಿತು.

ಜೇಮ್ಸ್ ಬಾಂಡನೆಂಬ ಕಲ್ಪಿತ ಗುಪ್ತಚರನ ಹೆಸರನ್ನು ಕೇಳದ ವಾಚಕರು ವಿರಳ. ಇಯಾನ್ ಫ್ಲೆಮಿಂಗ್ ಎಂಬ ಆಂಗ್ಲ ಗ್ರಂಥಕರ್ತರು 1953ರಲ್ಲಿ ಅವನನ್ನು ಮೊದಲು ಕಾದಂಬರಿಯಲ್ಲಿ ತಂದರು. 1962ರಿಂದ ಅವನು ಬೆಳ್ಳಿತೆರೆಯ ಮೇಲೆ ಓಡಾಡತೊಡಗಿದನು. ಗ್ರಂಥಕರ್ತರು ಅವನಿಗೆ ಕೊಟ್ಟಿದ್ದುದು ಯುದ್ಧಪೂರ್ವದ ಒಂದು ಹಳೆಯ ಬೆಂಟ್ಲಿ ಗಾಡಿ. ಮೊದಲ ಚಿತ್ರವಾದ ‘ಡಾಕ್ಟರ್ ನೋ’ದಲ್ಲಿ ಅವನು ಏರಿದುದು ನೀಲಿ ಬಣ್ಣದ ಸನ್‌ಬೀಮ್ ಆಲ್ಪೈನ್. ಅದರಲ್ಲಿ ಗುಂಡಿಯೂ ಇಲ್ಲ, ಗುಂಡೂ ಇಲ್ಲ.

ಜಗತ್ತು ನೆನಪಿಟ್ಟುಕೊಂಡ ಮೋಟಾರು 1964ರ ‘ಗೋಲ್ಡ್‌ಫಿಂಗರ್’ನಲ್ಲಿ ಬಂದ ಬೆಳ್ಳಿಬಣ್ಣದ ಆಸ್ಟನ್ ಮಾರ್ಟಿನ್ ಡಿಬಿ 5. ಕೆನ್ ಆಡಮ್ ಎಂಬ ಕಲಾ ನಿರ್ದೇಶಕರೂ ಜಾನ್ ಸ್ಟಿಯರ್ಸ್ ಎಂಬ ಯಂತ್ರಕುಶಲರೂ ಸೇರಿ ಅದನ್ನು ಒಂದು ಆಯುಧಶಾಲೆಯನ್ನಾಗಿ ಮಾಡಿದರು. ಮುಂದಿನ ಚಿಕ್ಕ ದೀಪಗಳ ಹಿಂದೆ ಬಂದೂಕುಗಳು. ಹಿಂಬದಿಯಲ್ಲಿ ಮೇಲೇಳುವ ಗುಂಡುನಿರೋಧಕ ಗುರಾಣಿ. ಬೆನ್ನಟ್ಟಿದವರು ಜಾರುವಂತೆ ಎಣ್ಣೆ, ಕಾಣದಂತೆ ಹೊಗೆ. ಪಕ್ಕದ ಗಾಡಿಯ ಟೈರನ್ನು ಸೀಳುವ ಚಾಚುಗತ್ತಿ. ಒಂದು ದೇಶದಿಂದ ಮತ್ತೊಂದಕ್ಕೆ ಹೋದಾಗ ತಾನಾಗಿ ಹೊರಳಿ ಬದಲಾಗುವ ಮೂರು ನಂಬರು ಫಲಕಗಳು. ಎಲ್ಲಕ್ಕಿಂತ ಮಿಗಿಲಾಗಿ, ಗೇರಿನ ಹಿಡಿಯ ತುದಿಯಲ್ಲಿ ಅಡಗಿದ ಕೆಂಪು ಗುಂಡಿ. ಅದನ್ನೊತ್ತಿದರೆ ಪಕ್ಕದಲ್ಲಿ ಕುಳಿತ ಶತ್ರುವು ಆಸನಸಮೇತ ಮಾಡನ್ನು ಭೇದಿಸಿಕೊಂಡು ಆಕಾಶಕ್ಕೆ ಹಾರುವನು. ಹಾರಿದುದು ಬೊಂಬೆಯೆಂದು ಬಲ್ಲವರೂ ಆ ಘಳಿಗೆಯಲ್ಲಿ ಚಪ್ಪಾಳೆ ತಟ್ಟದಿರಲಾರರು.

ಆದರೆ ನನ್ನ ಮನಸ್ಸಿಗೆ ಹಿಡಿದ ಸಂಗತಿ ಬೇರೆ. ಇಷ್ಟೆಲ್ಲ ಆಯುಧಗಳಿದ್ದ ಆ ಗಾಡಿಯು ಕೊನೆಗೆ ಒಂದು ಕನ್ನಡಿಗೆ ಮೋಸಹೋಗುವುದು. ಕತ್ತಲಲ್ಲಿ ತನ್ನ ದೀಪಗಳೇ ಕನ್ನಡಿಯಲ್ಲಿ ಪ್ರತಿಬಿಂಬಿಸಲು, ಎದುರಿನಿಂದ ಬೇರೊಂದು ಮೋಟಾರು ಬರುತ್ತಿರುವುದೆಂದು ಬಗೆದ ಬಾಂಡನು ಪಕ್ಕಕ್ಕೆ ತಿರುಗಿಸಿ ಗೋಡೆಗೆ ಢಿಕ್ಕಿ ಹೊಡೆಯುವನು. ಮೊಮ್ಮಗನಿಗೆ ಈ ಭಾಗವು ಸ್ವಲ್ಪವೂ ರುಚಿಸಲಿಲ್ಲ.

ಮಕ್ಕಳ ಲೋಕಕ್ಕೆ ಆ ಮೋಟಾರು ಇಳಿದುದು 1965ರಲ್ಲಿ. ಕಾರ್ಗಿ ಎಂಬ ಆಟಿಕೆಯ ಸಂಸ್ಥೆಯವರು ಅಂಗೈಯಗಲದ ಡಿಬಿ 5 ಅನ್ನು ಮಾರುಕಟ್ಟೆಗೆ ತಂದರು. ಚಿತ್ರದಲ್ಲಿದ್ದುದು ಬೆಳ್ಳಿಯ ಬಣ್ಣ. ಆಟಿಕೆಗೆ ಬಳಿದುದು ಚಿನ್ನದ ಬಣ್ಣ. ಬದಿಯ ಗುಂಡಿಯನ್ನೊತ್ತಿದರೆ ಪುಟ್ಟ ಮನುಷ್ಯನೊಬ್ಬ ಮಾಡಿನಿಂದ ಹಾರುತ್ತಿದ್ದನು. ಹಾರಿದವನು ಮಂಚದ ಕೆಳಗೋ ಕಪಾಟಿನ ಹಿಂದೋ ಸೇರಿ, ಎಷ್ಟು ಮನೆಗಳಲ್ಲಿ ಅಳುವೆದ್ದಿತೋ ಊಹಿಸಿಕೊಳ್ಳಬಹುದು.

ಮುಂದೆ ಬಂದವುಗಳ ಪೈಕಿ 1967ರ ‘ಯು ಓನ್ಲಿ ಲಿವ್ ಟ್ವೈಸ್’ ಚಿತ್ರದ ಬಿಳಿಯ ಟೊಯೋಟಾ 2000 ಜಿಟಿ ಒಂದು. ಟೊಯೋಟಾ ಎಂದೊಡನೆ ನಮಗೆ ಬಿಡದಿಯ ಕಾರ್ಖಾನೆಯ ನೆನಪಾಗುವುದಷ್ಟೆ. ನಟ ಶಾನ್ ಕಾನರಿಯವರು ಆರಡಿಗೂ ಎತ್ತರದ ಆಳಾಗಿದ್ದು, ಆ ತಗ್ಗು ಗಾಡಿಯಲ್ಲಿ ಹಿಡಿಸದಿದ್ದುದರಿಂದ ಅದರ ಮಾಡನ್ನೇ ತೆಗೆಸಬೇಕಾಯಿತು. ಸ್ವಾರಸ್ಯವೆಂದರೆ, ಆ ಚಿತ್ರದಲ್ಲಿ ಅದನ್ನು ನಡೆಸುವವಳು ಜಪಾನಿನ ಆಕಿ ಎಂಬ ತರುಣಿ. ಬಾಂಡನು ಪಕ್ಕದಲ್ಲಿ ಕುಳಿತಿರುವನು. 1977ರ ‘ದಿ ಸ್ಪೈ ಹೂ ಲವ್ಡ್ ಮಿ’ಯಲ್ಲಿ ಬಿಳಿಯ ಲೋಟಸ್ ಎಸ್ಪ್ರಿ ಗಾಡಿಯು ಕಡಲಿಗೆ ಹಾರಿ ಜಲಾಂತರ್ಗಾಮಿಯಾಯಿತು. ನೀರಿನಡಿ ಚಲಿಸಿದ ಕವಚದೊಳಗೆ ನೀರೇ ತುಂಬಿದ್ದು, ಅದನ್ನು ನಡೆಸಿದವರು ಮುಳುಗುಗಾರರು.

1974ರ ‘ದಿ ಮ್ಯಾನ್ ವಿತ್ ದಿ ಗೋಲ್ಡನ್ ಗನ್’ ಚಿತ್ರದ ನೆಗೆತಕ್ಕೆ ಒಂದು ಕ್ಷಣ ನಿಲ್ಲಬೇಕು. ಥೈಲ್ಯಾಂಡಿನಲ್ಲಿ ಮುರಿದ ಸೇತುವೆಯೊಂದರ ಮೇಲಿಂದ ಎ.ಎಂ.ಸಿ. ಹಾರ್ನೆಟ್ ಗಾಡಿಯು ಗಾಳಿಯಲ್ಲಿ ಒಂದು ಪೂರ್ಣ ಸುತ್ತು ಹೊರಳಿ ಆಚೆಯ ದಡದಲ್ಲಿ ನಾಲ್ಕು ಚಕ್ರಗಳ ಮೇಲೆ ಇಳಿಯಿತು. ಇದರಲ್ಲಿ ಕಣ್ಕಟ್ಟಿಲ್ಲ. ಅಮೆರಿಕದಲ್ಲಿ ಗಣಕಯಂತ್ರದಿಂದ ವೇಗ, ಭಾರ, ಇಳಿಜಾರುಗಳ ಲೆಕ್ಕ ಹಾಕಿಸಿ, ಭಾರವು ಸಮನಾಗಲೆಂದು ಚುಕ್ಕಾಣಿಯನ್ನು ನಟ್ಟನಡುವಿಗೆ ತಂದು, ಒಬ್ಬ ಚಾಲಕನು ಒಂದೇ ಯತ್ನದಲ್ಲಿ ಸಾಧಿಸಿದನು. ಲೆಕ್ಕ ತಪ್ಪಿದ್ದರೆ ಹೋಗುತ್ತಿದ್ದುದು ಆತನ ಪ್ರಾಣ. ಇಂಥ ಸಾಹಸದ ಮೇಲೆ ಚಿತ್ರದವರು ಒಂದು ಪೀಪಿಯ ಕೀರಲು ಸ್ವರವನ್ನು ಕೂಡಿಸಿ ಅದನ್ನು ಹಾಸ್ಯ ಮಾಡಿಬಿಟ್ಟರಲ್ಲಾ! ಇದು ನನಗೆ ಇಂದಿಗೂ ಸಹಿಸದು.

ಗೃಹಸ್ಥರಾದ ನಮಗೆ ಒಪ್ಪುವ ಗಾಡಿ ಇದಾವುದೂ ಅಲ್ಲ. 1981ರ ‘ಫಾರ್ ಯುವರ್ ಐಸ್ ಓನ್ಲಿ’ಯಲ್ಲಿ ಬಾಂಡನ ಬೆಲೆಬಾಳುವ ಲೋಟಸ್, ಕಳ್ಳನೊಬ್ಬನು ಗಾಜು ಒಡೆದೊಡನೆ, ತನ್ನ ಕಾವಲಿನ ಮದ್ದಿನಿಂದ ತಾನೇ ಸಿಡಿದು ಚೂರಾಗುವುದು. ಆಗ ಅವನು ತಪ್ಪಿಸಿಕೊಂಡು ಓಡುವುದು ನಾಯಕಿಯ ಹಳದಿ ಸಿಟ್ರೋಯೆನ್ 2ಸಿವಿ ಎಂಬ ಡಬ್ಬಿಯಂಥ ಗಾಡಿಯಲ್ಲಿ. ಆಲಿವ್ ತೋಟಗಳ ನಡುವೆ ಅದು ಪಲ್ಟಿ ಹೊಡೆದು, ಜನರಿಂದ ಎತ್ತಿ ನಿಲ್ಲಿಸಲ್ಪಟ್ಟು, ಮತ್ತೆ ಓಡುವುದು. ಈ ಗಾಡಿಯ ಜನ್ಮವೃತ್ತಾಂತವು ನಮ್ಮ ಭಾಗದ ರೈತರು ಕೇಳತಕ್ಕದ್ದು. ಇಬ್ಬರು ರೈತರನ್ನೂ 50 ಕಿಲೋ ಆಲೂಗಡ್ಡೆಯನ್ನೂ ಹೊತ್ತು, ನೇಗಿಲು ಹೊಡೆದ ಹೊಲದಲ್ಲಿ ಹೋದರೂ ಬುಟ್ಟಿಯೊಳಗಿನ ಮೊಟ್ಟೆ ಒಡೆಯಬಾರದು ಎಂಬುದು ಅದನ್ನು ರಚಿಸಿದವರಿಗೆ ಯಜಮಾನನು ವಿಧಿಸಿದ ಕಟ್ಟಳೆ. 1948ರಲ್ಲಿ ಪ್ಯಾರಿಸಿನಲ್ಲಿ ಅದನ್ನು ಪ್ರದರ್ಶಿಸಿದರು. ಚಿತ್ರಕ್ಕಾಗಿ ಹೆಚ್ಚು ಬಲದ ಯಂತ್ರವನ್ನು ಕೂಡಿಸಿದ್ದರೆನ್ನಿ. ಆದರೂ ಅದರ ಮರ್ಯಾದೆಗೇನೂ ಕುಂದಿಲ್ಲ.

ನಮ್ಮ ದೇಶದಲ್ಲಿ ಬಾಂಡನಿಗೆ ದೊರೆತ ವಾಹನವು ಇನ್ನೂ ಚಿಕ್ಕದು. 1983ರ ‘ಆಕ್ಟೋಪಸಿ’ಯಲ್ಲಿ ಉದಯಪುರದ ಬೀದಿಗಳಲ್ಲಿ ಅವನನ್ನು ಕಾಪಾಡಿದುದು ಒಂದು ಆಟೋ ರಿಕ್ಷಾ, ಅದರಲ್ಲಿ ಜೊತೆಗಾರನಾಗಿ ಬಂದು ಟೆನಿಸ್ ಬ್ಯಾಟಿನಿಂದ ದುಷ್ಟರನ್ನು ಬಡಿದವರು ಪ್ರಸಿದ್ಧ ಆಟಗಾರರಾದ ವಿಜಯ್ ಅಮೃತರಾಜ್.

ಇನ್ನು ನಮ್ಮವನೇ ಆದ ಗುಪ್ತಚರನ ಮಾತು. ದೊರೈ–ಭಗವಾನ್ ಜೋಡಿಯು 1968ರಲ್ಲಿ ‘ಜೇಡರ ಬಲೆ’ಯನ್ನು ತೆಗೆದು, ರಾಜಕುಮಾರರನ್ನು ಸಿ.ಐ.ಡಿ. 999 ಪ್ರಕಾಶನನ್ನಾಗಿ ನಿಲ್ಲಿಸಿತು. ಅದೇ ವರ್ಷ ‘ಗೋವಾದಲ್ಲಿ ಸಿ.ಐ.ಡಿ. 999’, ಮರುವರ್ಷ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999’, ಬಹುದಿನಗಳ ಮೇಲೆ 1978ರಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’ ಬಂದುವು. ಆ ಕಾಲದಲ್ಲಿ ದೇಶದಲ್ಲಿ ತಯಾರಾಗುತ್ತಿದ್ದ ಮೋಟಾರುಗಳು ಮುಖ್ಯವಾಗಿ ಮೂರೇ: ಅಂಬಾಸಡರ್, ಫಿಯಟ್, ಸ್ಟ್ಯಾಂಡರ್ಡ್ ಹೆರಾಲ್ಡ್. ಹಣವಿದ್ದವನೂ ವರ್ಷಗಟ್ಟಲೆ ಸರದಿ ಕಾಯಬೇಕಾಗಿತ್ತು. ಅಲ್ಲಿಯ ಬಾಂಡನಿಗೆ ಕಾರ್ಖಾನೆಗಳು ತಾವಾಗಿ ಮೋಟಾರು ಕೊಡುತ್ತಿದ್ದ ದಿನಗಳಲ್ಲಿ ಇಲ್ಲಿಯ ಪ್ರಕಾಶನು ಚಾತುರ್ಯವನ್ನೇ ನಂಬಿಕೊಂಡು ದುಡಿಯಬೇಕಾಯಿತು.

ನಾನು ಹುಡುಗನಾಗಿದ್ದಾಗ ಕೊಪ್ಪಳದ ಗವಿಮಠದ ಜಾತ್ರೆಗೆ ಅಪ್ಪನೊಡನೆ ಚಕ್ಕಡಿಯಲ್ಲಿ ಹೋಗಿ, ಡೇರೆಯೊಳಗೆ ಮರಳಿನ ಮೇಲೆ ಕುಳಿತು ಈ ಪೈಕಿ ಒಂದನ್ನು ನೋಡಿದೆನು. ತೆರೆಯ ಮೇಲೆ ಗಾಡಿಯೊಂದು ಧೂಳೆಬ್ಬಿಸಿ ತಿರುಗಲು ಡೇರೆಯೆಲ್ಲ ಸಿಳ್ಳು ಹಾಕಿತು. ಅಪ್ಪನು ಮಾತ್ರ ಗಂಭೀರನಾಗಿ, “ಎತ್ತು ಹೂಡಿದ್ರ ಆ ತಿರುವಿನ್ಯಾಗ ನೊಗಾ ಮುರೀತಿತ್ತು ನೋಡು” ಎಂದನು. ಮರಳುವಾಗ ಹಾದಿಯುದ್ದಕ್ಕೂ ನಾನೇ ಕೋಲು ಹಿಡಿದು ಎತ್ತುಗಳನ್ನು ಹೊಡೆದೆನು.

ಈಗಿನ ಚಿತ್ರಗಳಲ್ಲಿ ಕಪಟವೂ ಹೆಚ್ಚು, ಸತ್ಯವೂ ಹೆಚ್ಚು. 2006ರ ‘ಕ್ಯಾಸಿನೊ ರಾಯಲ್’ಗಾಗಿ ಆಸ್ಟನ್ ಮಾರ್ಟಿನ್ ಗಾಡಿಯೊಂದನ್ನು ಉರುಳಿಸಹೋದರೆ ಅದು ಉರುಳಲೊಲ್ಲದು! ಕೊನೆಗೆ ಅದರ ತಳದಲ್ಲಿ ಗಾಳಿಯ ತೋಪನ್ನಿಟ್ಟು ಎಬ್ಬಿಸಲು ಏಳು ಸುತ್ತು ಹೊರಳಿ ಗಿನ್ನೆಸ್ ದಾಖಲೆಯಾಯಿತು. 2012ರ ‘ಸ್ಕೈಫಾಲ್’ನಲ್ಲಿ ಹಳೆಯ ಡಿಬಿ 5 ಸುಟ್ಟುಹೋದಾಗ ಅನೇಕರು ಮರುಗಿದರು, ಸುಟ್ಟುದು ಮೂರರಲ್ಲೊಂದು ಪಾಲಿನ ಗಾತ್ರದ ಮಾದರಿ.

ಅಂಬಾಸಡರ್ ತಯಾರಿಕೆಯು 2014ರಲ್ಲಿ ನಿಂತಿತು. ನಮ್ಮದನ್ನು ನಾನು 1988ರಲ್ಲಿ ಹಳೆಯದಾಗಿಯೇ ಕೊಂಡಿದ್ದೆನು. 1990ರ ಮಳೆಗಾಲದ ಒಂದು ರಾತ್ರಿ ಹಳ್ಳವು ಮೈದುಂಬಿ ಹರಿಯುತ್ತಿರಲು, ಹೆರಿಗೆಯ ನೋವು ತಿನ್ನುತ್ತಿದ್ದ ಮಡದಿಯನ್ನು ಅದರಲ್ಲಿ ಕೂರಿಸಿಕೊಂಡು ಕೊಪ್ಪಳಕ್ಕೆ ಹೊರಟೆನು. ನೀರು ಬಾಗಿಲ ಸಂದಿನಿಂದ ಒಳಬಂದು ಪಾದ ಮುಳುಗಿತು. ಯಂತ್ರವು ಎರಡು ಸಲ ಕೆಮ್ಮಿತು, ನಿಲ್ಲಲಿಲ್ಲ. ಅಂದು ಬೆಳಗಿನ ಜಾವ ಹುಟ್ಟಿದವನೇ ಈಗ ಗುಜರಿಯವನನ್ನು ಕರೆತರುವೆನೆನ್ನುವ ಹಿರಿಯ ಮಗನು. ಈ ಕಥೆಯನ್ನು ಅವನಿಗೆ ಹೇಳಿರಲಿಲ್ಲವೆಂಬುದು ಮಡದಿಯು ನೆನಪಿಸಿದಾಗಲೇ ನನಗೆ ಹೊಳೆಯಿತು. ಊಟದ ಹೊತ್ತಿಗೆ ಆಕೆಯೇ ಹೇಳಿದಳು. ಅವನು ಸುಮ್ಮನೆ ರೊಟ್ಟಿ ಮುರಿಯುತ್ತಿದ್ದನು.

ಗುಜರಿಯವನು ಪಾಡ್ಯದ ಮರುದಿನ ಬಂದನು. ಕೋಳಿಗಳನ್ನು ಓಡಿಸಿ, ತಗಡನ್ನು ಬೆರಳಿನಿಂದ ಬಡಿದು ನೋಡಿ, ಕಿಲೋ ಲೆಕ್ಕದಲ್ಲಿ ಬೆಲೆ ಹೇಳಿದನು. ಆಮೇಲೆ ಹಿಂದಕ್ಕೆ ಹೋಗಿ ತಡೆದು ನಿಂತನು. ನಂಬರು ಫಲಕದ ಮೇಲೆ ದಾರದಿಂದ ಕಟ್ಟಿದ ಮೂರು ರಟ್ಟಿನ ತುಂಡುಗಳಿದ್ದುವು; ಮೂರರಲ್ಲಿಯೂ ವಕ್ರವಕ್ರವಾಗಿ 999 ಎಂದು ಬರೆದಿದ್ದಿತು.

“ಇದು ಯಾವ ಊರ ನಂಬರ್ರೀ?” ಎಂದು ಅವನು ಕೇಳಲು, ನನ್ನ ಮಗನು ರಟ್ಟುಗಳನ್ನು ಒಂದೊಂದಾಗಿ ತಿರುವಿ ನೋಡಿ, “ಸಂಕ್ರಾಂತಿ ಕಳದ ಮ್ಯಾಲ ಬಾರಪ್ಪಾ, ಆಗ ನೋಡೂಣು” ಎಂದನು.