ರೊಟ್ಟಿ ಕಲಿಯೋಣ ಬನ್ನಿ

ಅಕ್ಕಂದಿರೇ, ಗಂಗಾವತಿ ಕಡೆ ನಮ್ಮ ಮನೆಗಳಲ್ಲಿ ದಿನಾ ಅನ್ನ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಆಯ್ತು. ಕಾಲುವೆ ನೀರು ಬಂತು. ಭತ್ತ ಬಂತು. ರೊಟ್ಟಿ ಬಡಿಯೋದು ಕಡಿಮೆ ಆಯ್ತು. ಕುಷ್ಟಗಿ, ಯಲಬುರ್ಗಾ ಕಡೆ ಮಳೆ ನಂಬಿದ ಹೊಲಗಳೇ ಹೆಚ್ಚು. ಅಲ್ಲಿ ಜೋಳ, ಸಜ್ಜೆ ಬೆಳೀತಾರೆ.

ಒಂದು ಭಾನುವಾರ ನಾವು 8 ಮಂದಿ ಯಲಬುರ್ಗಾ ಕಡೆಯ ಹಳ್ಳಿಗೆ ಹೋದೆವು. ಒಬ್ಬ ಅಜ್ಜಿ ರೊಟ್ಟಿ ಕಲಿಸಿದರು.

ಸಜ್ಜೆಯಲ್ಲಿ ಎಣ್ಣೆ ಅಂಶ ಹೆಚ್ಚು. ಹಿಟ್ಟು ಹಳೆಯದಾದರೆ ಕಹಿ ಆಗ್ತದೆ. ಅದಕ್ಕೇ ಬೇಕಾದಷ್ಟೇ ಬೀಸಬೇಕು.

ಜೋಳ, ಸಜ್ಜೆಗೆ ಗೋಧಿಯ ಜಿಗುಟು ಇಲ್ಲ. ತಣ್ಣೀರಲ್ಲಿ ಕಲಸಿದರೆ ರೊಟ್ಟಿ ಹರೀತದೆ. ಕುದಿಯುವ ಎಸರು ಹಾಕಿ, ಚೆನ್ನಾಗಿ ನಾದಬೇಕು.

ನನ್ನ ರೊಟ್ಟಿ ಮೂರು ಸಲ ಹರೀತು. ಅಜ್ಜಿ ನಕ್ಕರು. "ಟೀಚರಮ್ಮ, ಇದು ಪಾಟಿ ಅಲ್ಲ. ಅಂಗೈಗೆ ಅಕ್ಷರ ಬರಬೇಕು" ಅಂದರು.

ರೊಟ್ಟಿಯನ್ನು ಹೆಂಚಿಗೆ ಹಾಕಿ, ಒದ್ದೆ ಬಟ್ಟೆಯಿಂದ ನೀರು ಸವರಬೇಕು. ನೀರು ಆರಿದ ಮೇಲೆ ತಿರುವಬೇಕು. ಖಡಕ್ ರೊಟ್ಟಿ ಬೇಕಾದರೆ ಸಣ್ಣ ಉರಿಯಲ್ಲಿ, ಬಟ್ಟೆಯಿಂದ ಒತ್ತಿ ಒತ್ತಿ ಸುಡಬೇಕು. ತೇವ ಉಳಿದರೆ ಬೂಷ್ಟು ಹಿಡೀತದೆ. ಪೂರ್ತಿ ಆರಿದ ಮೇಲೆ ಡಬ್ಬಿಗೆ ಹಾಕಬೇಕು.

ಆ ಊರಿನ ಸಂಘದ ಹೆಂಗಸರು ಖಡಕ್ ರೊಟ್ಟಿ ಮಾರ್ತಾರೆ. ಮೊದಲು ಅಂಗಡಿಯವನು ಹೇಳಿದ್ದೇ ಲೆಕ್ಕ ಆಗಿತ್ತಂತೆ. ಈಗ ಅವರು ಅಕ್ಷರ ಕಲಿತಿದ್ದಾರೆ. ಪೊಟ್ಟಣದ ಮೇಲೆ ತಾರೀಖು, ಎಣಿಕೆ, ಬೆಲೆ ಅವರೇ ಬರೀತಾರೆ. ಈಗ ಅವರ ವಹಿಯೇ ಲೆಕ್ಕ.

ನಿಮ್ಮೂರಲ್ಲಿ ರೊಟ್ಟಿ ಚೆನ್ನಾಗಿ ಬಡಿಯುವ ಅಜ್ಜಿ ಯಾರು? ಒಂದು ದಿನ ಅವರ ಹತ್ತಿರ ಕೂಡಿರಿ. ಕೈಯಿಂದ ಕಲಿಯಿರಿ. ಕಲಿತದ್ದನ್ನು ಬರೆದಿಡಿರಿ.