ಮಾತಿನಲ್ಲಿ ಕಾಲಪಲ್ಲಟ

ತೀರ್ಥಹಳ್ಳಿಯ ಕಡೆಯ ಮನೆಗಳಲ್ಲಿ ಅತಿಥಿಯು ಎದ್ದು ನಿಂತು ‘ಬರುತ್ತೇನೆ’ ಎಂದು ಕೈಮುಗಿದರೆ, ಮನೆಯವರು ‘ಹೋಗಿ ಬನ್ನಿ’ ಎಂದು ಬೀಳ್ಕೊಡುತ್ತಾರೆ. ಹೊರಟವನು ಹೋಗುತ್ತಿರುವನೇ ಹೊರತು ಬರುತ್ತಿಲ್ಲವಷ್ಟೆ! ಆದರೂ ಹೊಸ್ತಿಲಲ್ಲಿ ನಿಂತು ‘ಹೋಗುತ್ತೇನೆ’ ಎಂದರೆ ಹಿರಿಯರ ಮುಖ ಬಾಡುವುದು. ಹಾಗೆನ್ನುವುದು ಮರಳಿ ಬಾರದವರ ಮಾತೆಂಬ ಶಂಕೆ ಕನ್ನಡದ ಕಿವಿಯಲ್ಲಿ ಬೇರೂರಿದೆ. ಇದನ್ನೇ ನಮ್ಮ ವಿದ್ಯಾರ್ಥಿಯು ‘ಐ ಆಮ್ ಕಮಿಂಗ್’ ಎಂದು ಇಂಗ್ಲಿಷಿಗೆ ತಿರುಗಿಸಿದನೆನ್ನಿ, ಕೇಳಿದ ಆಂಗ್ಲೇಯನು ಬಾಗಿಲು ತೆರೆದು ಕಾಯುತ್ತ ನಿಂತಾನು. ಅಲ್ಲಿ ಸಲ್ಲುವ ಮಾತು ‘ಗುಡ್‌ಬೈ’. ದೇವರು ನಿಮ್ಮೊಡನಿರಲಿ ಎಂಬ ಹಳೆಯ ಹರಕೆಯು ಸವೆದು ಆದ ಪದವದು; ಕ್ರಿಯಾಪದದ ಗುರುತೇ ಅದರಲ್ಲಿ ಈಗ ಕಾಣದು.

ಕ್ರಿಯಾಪದವು ಕಾಲವನ್ನು ತಿಳಿಸುತ್ತದೆಂದು ನಾವೆಲ್ಲರೂ ಶಾಲೆಯಲ್ಲಿ ಕಲಿತಿದ್ದೇವೆ. ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಮೂರು ಕಾಲಗಳಿಗೂ ಬೇರೆ ಬೇರೆ ಪ್ರತ್ಯಯಗಳನ್ನು ವಿಧಿಸಿದ್ದಾನೆ. ಹಳಗನ್ನಡದಲ್ಲಿ ‘ಮಾಡಿದಪೆಂ’ ಎಂದರೆ ವರ್ತಮಾನ, ‘ಮಾಡುವೆಂ’ ಎಂದರೆ ಭವಿಷ್ಯತ್ತು. ಹೊಸಗನ್ನಡದ ‘ಮಾಡುತ್ತೇನೆ’ಯಾದರೋ ಎರಡು ಹೊರೆಯನ್ನೂ ಒಂದೇ ಹೆಗಲಿನಲ್ಲಿ ಹೊತ್ತಿದೆ. ಒಂದು ಕಾಲದ ರೂಪವು ಇನ್ನೊಂದು ಕಾಲಕ್ಕೆ ಸಲ್ಲುವುದನ್ನು ನಮ್ಮ ವೈಯಾಕರಣರು ಕಾಲಪಲ್ಲಟವೆಂದು ಕರೆದಿದ್ದಾರೆ. ವರ್ತಮಾನಕ್ಕೆ ಸಮೀಪವಾದುದನ್ನು ವರ್ತಮಾನದ ರೂಪದಿಂದಲೇ ಹೇಳಬಹುದೆಂದು ಸಂಸ್ಕೃತದಲ್ಲಿ ಪಾಣಿನಿಯೂ ಸಮ್ಮತಿಸಿದ್ದಾನೆ.

ನಮ್ಮ ಮಾತಿನಲ್ಲಿ ಭೂತಕಾಲದ ಪಲ್ಲಟವು ಇನ್ನೂ ಸ್ವಾರಸ್ಯವಾದುದು. ಅಂಗಳದಲ್ಲಿ ನಿಂತು ಕೂಗಿದರೆ ಅಡಿಗೆಯ ಮನೆಯಿಂದ ‘ಬಂದೆ, ಬಂದೆ’ ಎಂಬ ಉತ್ತರ ಬರುತ್ತದೆ. ಉತ್ತರ ಕೊಟ್ಟವರು ಇನ್ನೂ ಒಲೆಯ ಮುಂದಿನಿಂದ ಎದ್ದಿರುವುದಿಲ್ಲ. ಆಗುಂಬೆಯ ಕಡೆ ಮುಗಿಲು ಕಪ್ಪಾದೊಡನೆ, ಹನಿ ಬೀಳುವ ಮೊದಲೇ, ‘ಮಳೆ ಬಂತು’ ಎಂದು ಹರವಿದ ಅಡಿಕೆಯನ್ನು ಬಾಚಿಕೊಳ್ಳುತ್ತಾರೆ. ಮಳೆ ಬರುತ್ತದೆಂದು ವ್ಯಾಕರಣಶುದ್ಧವಾಗಿ ನುಡಿಯುತ್ತ ನಿಂತರೆ ಅಡಿಕೆ ತೋಯುವುದೇ ಸರಿ! ಇಲ್ಲಿ ಭೂತಕಾಲವು ಕಳೆದುದನ್ನು ಹೇಳುತ್ತಿಲ್ಲ, ನಿಶ್ಚಯವನ್ನು ಹೇಳುತ್ತಿದೆ. ‘ಆಯಿತು, ನಾಳೆ ಕೊಡುತ್ತೇನೆ’ ಎಂಬಲ್ಲಿ ‘ಆಯಿತು’ ಎಂಬುದು ಬರಿಯ ಒಪ್ಪಿಗೆ. ಆದುದು ಏನೂ ಇಲ್ಲವೆಂಬುದನ್ನು ಸಾಲಕೊಟ್ಟವರು ಚೆನ್ನಾಗಿ ಬಲ್ಲರು.

ಇಂಗ್ಲಿಷಿನಲ್ಲಿಯೂ ಇಂತಹ ಪಲ್ಲಟಗಳುಂಟು. ಆದರೆ ಅವು ನಮ್ಮವುಗಳ ಜಾಡಿನಲ್ಲಿ ನಡೆಯುವುದಿಲ್ಲ. ತೊಡಕೆಲ್ಲ ಅಲ್ಲಿಯೇ. ವಿಷಯ ಹೊಳೆದಾಗ ನಾವು ‘ತಿಳಿಯಿತು’ ಎನ್ನುತ್ತೇವೆ. ಅವರು ವರ್ತಮಾನದಲ್ಲಿ ‘ಐ ಸೀ’ ಎನ್ನುತ್ತಾರೆ. ಹೆಸರು ನೆನಪಿಗೆ ಬಾರದಾಗ ನಮ್ಮದು ‘ಮರೆತೆ’, ಅವರದು ‘ಐ ಫರ್ಗೆಟ್’. ಯಾರೋ ಹೇಳಿದ ಸುದ್ದಿಯನ್ನು ‘ಐ ಆಮ್ ಟೋಲ್ಡ್’ ಎಂದು ಈಗಿನದನ್ನಾಗಿ ಮಾಡುತ್ತಾರೆ. ಇದಕ್ಕೆ ತೀರ ವಿರುದ್ಧವಾದುದು ‘ಇಟ್ ಈಸ್ ಟೈಮ್ ವಿ ವೆಂಟ್’ ಎಂಬ ಮಾತು. ‘ವೆಂಟ್’ ಎಂಬುದು ಭೂತರೂಪವಾದರೂ ಯಾರೂ ಕುರ್ಚಿಯಿಂದ ಎದ್ದಿಲ್ಲ. ಕನ್ನಡದಲ್ಲಿ ಇದೇ ಭಾವಕ್ಕೆ ‘ಹೊರಡುವ ಹೊತ್ತಾಯಿತು’ ಎನ್ನುತ್ತೇವೆ; ಭೂತಕಾಲವು ಹೊರಡುವವನನ್ನು ಬಿಟ್ಟು ಹೊತ್ತಿನ ಮೇಲೆ ಬಿದ್ದಿದೆ. ಇದನ್ನು ಅರಿಯದೆ ‘ಟೈಮ್ ಬಿಕೇಮ್’ ಎಂದು ಬರೆದ ಹುಡುಗನು ಅಂಕ ಕಳೆದುಕೊಳ್ಳುತ್ತಾನೆ. ಅವನ ತಪ್ಪೆಂದರೆ ಕನ್ನಡದ ಕ್ರಿಯಾಪದವೊಂದನ್ನೇ ಕಿತ್ತು ಇಂಗ್ಲಿಷಿನಲ್ಲಿ ನೆಟ್ಟದ್ದು. ಕಾಲಗಳ ಪಟ್ಟಿಯನ್ನು ಎಷ್ಟು ಸಾರಿ ಉರುಹೊಡೆಸಿದರೂ ಇದು ತಿದ್ದದು. ಅಂತಹ ಸಂದರ್ಭದಲ್ಲಿ ಆಂಗ್ಲೇಯನು ಏನನ್ನುವನೆಂದು ಕೇಳಿ, ಇಡೀ ಮಾತನ್ನೇ ಕಲಿಯಬೇಕು.

ಈಚೆಗೆ ಪಲ್ಲಟವು ತಿರುಗುಮುರುಗಾಗಿಯೂ ನಡೆದಿದೆ. ಪೇಟೆಯ ತರುಣರು ಅಜ್ಜಿಯ ಮುಂದೆ ನಿಂತು, ಇಂಗ್ಲಿಷಿನ ಜಾಡಿನಲ್ಲಿ, ‘ನಾನು ಹೋಗುತ್ತಿದ್ದೇನೆ’ ಎನ್ನುವುದುಂಟು. ವ್ಯಾಕರಣದಲ್ಲಿ ಲೇಶವೂ ದೋಷವಿಲ್ಲ. ಅಜ್ಜಿ ಮಾತ್ರ, ‘ಹೋಗಿ ಬರುತ್ತೇನೆ ಅನ್ನು, ಮಗಾ’ ಎಂದು ತಡೆದು ನಿಲ್ಲಿಸುತ್ತಾಳೆ.